ನಾಯಿಯ ಮಂಡಿ ಹೋದರೆ ನಾಯಿಯೇ ಹೋದ ಹಾಗಲ್ಲ

ಹೋದ ವಾರ ತೆಂಗಿನ ನುಸಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲ. ಇವತ್ತು ನಾಯಿ ವಿಚಾರ. "ನಾಯಿ ಬಗ್ಗೆ ಇಷ್ಟುದ್ದ ಬರೆಯೋದಾ" ಅಂತ ನಗೋರು ನಗಲಿ, ಆದ್ರೆ ಪೂರ್ತಿ ಓದಿ ನಗಲಿ.

ಈ ಮಳೆಗಾಲ ಶುರುವಾದ ಮೇಲೆ ನಮ್ಮ ಸುತ್ತಮುತ್ತ ನನಗೆ ಗೊತ್ತಿರೋ ಹಾಗೆ ನಾಲ್ಕು ನಾಯಿ ಹಿಂಗಾಲು ಎತ್ತಿಕೊಂಡು ಓಡಾಡ್ತಿವೆ. ಅದರಲ್ಲಿ ಒಂದನ್ನ ಈಗಾಗ್ಲೇ ರಾತ್ರೋರಾತ್ರಿ ಟಾಟಾ ಏಸ್‌ನಲ್ಲಿ ಹಾಕ್ಕೊಂಡು ಹೋಗಿ ಹೈವೇ ಡಾಬಾ ಹತ್ರ ಬಿಟ್ಟು ಬಂದಾಯ್ತು. ಇನ್ನೊಂದಕ್ಕೆ ಮಂಡಿ ಮೇಲೆ ಬರೆ ಹಾಕಿ, ಈಗ ಗಾಯದಲ್ಲಿ ಹುಳ ಬಿದ್ದಿದೆ. ಮೂರನೇದು ನಮ್ಮ ಕೆಳಗಿನ ತೋಟದ್ದು. ನಾಲ್ಕು ವರ್ಷದ ಲ್ಯಾಬ್ರಡಾರ್ ಮಿಶ್ರ ತಳಿ, 34 ಕೆಜಿ. ಅದನ್ನ ಏನು ಮಾಡೋದು ಅಂತ ಭಾನುವಾರ ಅವರ ಮನೇಲಿ ಅಣ್ಣ ತಮ್ಮ ಕೂತು ತೀರ್ಮಾನ ಮಾಡ್ತಾರಂತೆ. ನಾಲ್ಕನೇದು ನಮ್ಮನೆ ಕೆಂಚ, ಅದರ ವಿಷಯ ಆಮೇಲೆ ಹೇಳ್ತೀನಿ.

ಭಾನುವಾರಕ್ಕೆ ಮುಂಚೆ ಇದನ್ನ ಬರೀಬೇಕು ಅನ್ನಿಸ್ತು. ಯಾಕಂದ್ರೆ ಬೆಳಿಗ್ಗೆ ಡೈರಿ ಹತ್ರ ಹಾಲು ಹಾಕೋಕೆ ನಿಂತಾಗ ಕೇಳೋ ಮಾತು ಎರಡೇ.

ಒಂದು: "ನಾಯಿಗೇನು ಬಿಡಪ್ಪ, ತಾನೇ ನೆಕ್ಕೊಂಡು ವಾಸಿ ಮಾಡ್ಕೊಳ್ತೈತೆ. ಆಗ್ಲಿಲ್ಲ ಅಂದ್ರೆ ಎಲ್ಲಾದ್ರೂ ಬಿಟ್ಟು ಬಾ."

ಇನ್ನೊಂದು, ಬೆಂಗಳೂರಿಂದ ಹಬ್ಬಕ್ಕೆ ಬಂದವರು ಹೇಳೋದು: "ಆಪರೇಷನ್ ಒಂದೇ ದಾರಿ. ಅಷ್ಟು ದುಡ್ಡು ಖರ್ಚು ಮಾಡೋಕೆ ಆಗದವರು ನಾಯಿ ಯಾಕೆ ಸಾಕಬೇಕು?"

ಎರಡೂ ತಪ್ಪು. ಎರಡೂ ಮಾತು ಆಡಿದವರಿಗೆ ಸುಲಭ, ನಾಯಿಗೆ ಮಾತ್ರ ಕಷ್ಟ. ಇವೆರಡರ ಮಧ್ಯೆ ಒಂದು ದಾರಿ ಇದೆ. ಅದಕ್ಕೆ ದುಡ್ಡು ಕಮ್ಮಿ, ತಾಳ್ಮೆ ಜಾಸ್ತಿ ಬೇಕು. ನಮ್ಮಲ್ಲಿ ಯಾರೂ ಅದನ್ನ ನೆಟ್ಟಗೆ ಮಾಡಲ್ಲ ಅನ್ನೋದೇ ನನ್ನ ಜಗಳ.

ನಾನು ಓದಿರೋದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್‌ನಲ್ಲಿ ಇದ್ದದ್ದನ್ನ ಮಗಳು ಓದಿ ಹೇಳಿದಳು. ಪಶು ಆಸ್ಪತ್ರೆ ಡಾಕ್ಟರ ಹತ್ರ ಕೂತು ಒಂದೊಂದಾಗಿ ಕೇಳಿ, ಅವರು ಸರಿ ಅಂದ ಮೇಲೆ ಬರೀತಿದೀನಿ.

*ಮಂಡಿಯೊಳಗೆ ಏನಾಗಿರುತ್ತೆ*

ನಾಯಿಯ ಹಿಂಗಾಲಿನ ಮಂಡಿಯೊಳಗೆ ತೊಡೆ ಮೂಳೆ ಮತ್ತು ಕೆಳಗಾಲಿನ ಮೂಳೆಯನ್ನ ಹಿಡಿದುಕೊಂಡಿರೋ ಒಂದು ಗಟ್ಟಿ ನಾರು ಇದೆ. ಅದನ್ನೇ ಲಿಗಮೆಂಟ್ ಅನ್ನೋದು. ಕ್ರಿಕೆಟ್, ಕಬಡ್ಡಿ ಆಡೋ ಹುಡುಗರು "ಎಸಿಎಲ್ ಹೋಯ್ತು" ಅಂತಾರಲ್ಲ, ಮನುಷ್ಯರಲ್ಲಿ ಅದೇ.

ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮ ಕೆಳಗಾಲಿನ ಮೂಳೆಯ ತಲೆ ಹೆಚ್ಚುಕಮ್ಮಿ ಸಮತಟ್ಟು. ನಾಯಿದು ಹಿಂದಕ್ಕೆ ಇಳಿಜಾರು. ಕೆರೆ ಏರಿ ಇಳಿಜಾರಿನಲ್ಲಿ ಲೋಡ್ ಟ್ರೈಲರ್ ನಿಲ್ಲಿಸಿ ಹಗ್ಗ ಕಟ್ಟಿ ಹಿಡಿದ ಹಾಗೆ ಅಂದ್ಕೊಳ್ಳಿ. ನಾಯಿ ಕಾಲೂರಿದಾಗಲೆಲ್ಲ ಆ ಹಗ್ಗದ ಮೇಲೆ ಭಾರ. ಹಗ್ಗ ಹರಿದರೆ, ಹೆಜ್ಜೆ ಇಟ್ಟಾಗಲೆಲ್ಲ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತೆ. ಎರಡು ಮೂಳೆ ಮಧ್ಯೆ ವಾಶರ್ ಥರ ಒಂದು ಮೆತ್ತೆ ಇರುತ್ತೆ. ಈ ಜಾರಾಟದಲ್ಲಿ ಅದೂ ನುಜ್ಜಾಗಬಹುದು. ಆಮೇಲೆ ಕೀಲು ಸವೆತ, ಊತ, ಚಳಿಗಾಲದಲ್ಲಿ ಬಿಗಿತ.

ಇನ್ನೊಂದು ಮುಖ್ಯ ವಿಷಯ. ನಾವೆಲ್ಲ "ಹಂದಿ ಅಟ್ಟಿಸ್ಕೊಂಡು ಹೋಗಿ ಗುಂಡಿಗೆ ಬಿತ್ತು, ಕಾಲು ಹೋಯ್ತು" ಅಂತೀವಿ. ಹೆಚ್ಚಿನ ನಾಯಿಗಳಲ್ಲಿ ಅದು ಒಂದು ದಿನದ ಕಥೆ ಅಲ್ಲ. ಆ ನಾರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೇ ಸವೆದಿರುತ್ತೆ. ಬಾವಿ ಹಗ್ಗ ಎಳೆ ಎಳೆಯಾಗಿ ಹೋಗಿ ಕೊನೆಗೆ ಒಂದು ದಿನ ಪಟ್ ಅನ್ನುತ್ತಲ್ಲ, ಹಾಗೆ. ತಳಿಯ ಗುಣ, ವಯಸ್ಸು, ಎಲ್ಲಕ್ಕಿಂತ ನಮ್ಮ ಕೈಲಿರೋದು ಅಂದ್ರೆ ಮೈ ತೂಕ. ಲ್ಯಾಬ್ರಡಾರ್, ರಾಟ್‌ವೈಲರ್ ಥರದ ದಪ್ಪ ತಳಿಗಳಲ್ಲಿ ಇದು ಜಾಸ್ತಿ. ಅದಕ್ಕೇ ಒಂದು ಕಾಲು ಹೋದ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲೂ ಹೋಗುತ್ತೆ. ಈ ಲೆಕ್ಕ ನೆನಪಲ್ಲಿಡಿ, ಆಮೇಲೆ ಬೇಕಾಗುತ್ತೆ.

*ಕುಂಟೋ ನಾಯಿಗೆಲ್ಲ ಲಿಗಮೆಂಟೇ ಹೋಗಿರಲ್ಲ*

ಮೊದಲು ಪಾದ ತೊಳೆದು ಬೆರಳ ಸಂದು ನೋಡಿ. ಜಾಲಿ ಮುಳ್ಳು, ಗಾಜಿನ ಚೂರು, ಉಗುರು ಕಿತ್ತಿರೋದು, ಇವೇ ಎಷ್ಟೋ ಸಲ ಕಾರಣ. ಉಣ್ಣೆ ಕಚ್ಚಿ ಬರೋ ಜ್ವರದಲ್ಲೂ ಕೀಲು ಊದಿ ಕುಂಟುತ್ತವೆ. ಆಗ ಬೇಕಾಗಿರೋದು ರಕ್ತ ಪರೀಕ್ಷೆ. ಪೊಮೆರೇನಿಯನ್ ಥರದ ಪುಟ್ಟ ನಾಯಿಗಳಲ್ಲಿ ಮಂಡಿಚಿಪ್ಪು ಪಕ್ಕಕ್ಕೆ ಜಾರುತ್ತೆ. ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ ಹೆಚ್ಚು. ವಯಸ್ಸಾದ ದೊಡ್ಡ ನಾಯಿಗೆ ಮೂಳೆಯಲ್ಲಿ ಗೆಡ್ಡೆಯೂ ಆಗಿರಬಹುದು.

ಮಂಡಿ ಲಿಗಮೆಂಟ್ ಹೋದ ನಾಯಿ ಹೇಗಿರುತ್ತೆ? ನಿಂತಾಗ ಆ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸುತ್ತೆ. ಕೂತಾಗ ಕಾಲು ಮಡಚದೆ ಪಕ್ಕಕ್ಕೆ ಚಾಚುತ್ತೆ. ಮಲಗೆದ್ದಾಗ ಕುಂಟು ಜಾಸ್ತಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲ. ಕೆಲವು ವಾರ ಕಳೆದರೆ ಎರಡು ತೊಡೆ ಹಿಡಿದು ನೋಡಿ, ಆ ಕಡೆ ತೊಡೆ ಸೊರಗಿರುತ್ತೆ. ನಡೆಯುವಾಗ ಮಂಡಿಯಲ್ಲಿ ಟಕ್ ಟಕ್ ಸದ್ದು ಬಂದರೆ ಒಳಗಿನ ಮೆತ್ತೆಗೂ ಪೆಟ್ಟಾಗಿರಬಹುದು.

ಗಟ್ಟಿ ಮಾಡಬೇಕಾದವರು ಡಾಕ್ಟರು. ಅವರು ತೊಡೆ ಮೂಳೆ ಒಂದು ಕೈಲಿ, ಕೆಳಗಿನ ಮೂಳೆ ಇನ್ನೊಂದು ಕೈಲಿ ಹಿಡಿದು ಮೇಜಿನ ಡ್ರಾಯರ್ ಎಳೆದ ಹಾಗೆ ಎಳೆದು ನೋಡ್ತಾರೆ. ಜಾರಿದರೆ ಹರಿದಿದೆ ಅಂತ. ಎಕ್ಸ್‌ರೇಯಲ್ಲಿ ಆ ನಾರು ಕಾಣಲ್ಲ, ಮೂಳೆ ಮುರಿದಿದೆಯಾ, ಕೀಲಿನಲ್ಲಿ ನೀರು ತುಂಬಿದೆಯಾ, ಸವೆದಿದೆಯಾ ಅಂತ ತಿಳಿಯುತ್ತೆ. "ಎಕ್ಸ್‌ರೇ ತೆಗೆಸಿದ್ವಿ, ಏನೂ ಇಲ್ಲ ಅಂದ್ರು" ಅಂತ ಸುಮ್ಮನಾಗೋರು ಇದನ್ನ ತಿಳ್ಕೊಳ್ಳಿ. ಕೈ ಪರೀಕ್ಷೆ ಮಾಡಿಸಿ.

*ನಮ್ಮ ಕಡೆ ನಡೀತಿರೋ ವೈದ್ಯ*

ಇಲ್ಲಿಂದ ನನ್ನ ಮಾತು ಸ್ವಲ್ಪ ಖಾರ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಬರೆ ಹಾಕೋದು. ಕಾದ ಕಬ್ಬಿಣದಿಂದ ಚರ್ಮ ಸುಟ್ಟರೆ ಕೀಲಿನೊಳಗೆ ಹರಿದ ನಾರು ಹೇಗೆ ಕೂಡುತ್ತೆ? "ಬರೆ ಹಾಕಿದ ಮೇಲೆ ನಾಯಿ ಓಡಾಡಲಿಲ್ಲ, ವಾಸಿ ಆಯ್ತು" ಅಂತಾರೆ. ಸುಟ್ಟ ನೋವಿಗೆ ಅದು ಮೂಲೆ ಸೇರಿತು, ಮೂಲೇಲಿ ಬಿದ್ದಿದ್ದಕ್ಕೆ ಕಾಲಿಗೆ ವಿಶ್ರಾಂತಿ ಸಿಕ್ತು. ಗುಣ ಬಂದಿದ್ದರೆ ವಿಶ್ರಾಂತಿಯಿಂದ. ಅದನ್ನ ಸುಡದೇ ಕೊಡಬಹುದಿತ್ತಲ್ಲ ಸ್ವಾಮಿ.

ನಾಟಿ ಕಟ್ಟು. ಮುರಿದ ಮೂಳೆಗೆ ಕಟ್ಟು ಕಟ್ಟೋರ ಕೈಗುಣದ ಬಗ್ಗೆ ನಾನಿಲ್ಲಿ ಮಾತಾಡ್ತಿಲ್ಲ. ಇದು ಮೂಳೆ ಮುರಿತ ಅಲ್ಲ. ನಾಯಿ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಮಂಡಿಗೆ ಕಟ್ಟಿದ ಕಟ್ಟು ನಾಯಿ ಎರಡು ಸಲ ಎದ್ದು ಕೂತರೆ ಕೆಳಗೆ ಜಾರುತ್ತೆ. ಜಾರಬಾರದು ಅಂತ ಬಿಗಿದರೆ ಪಾದ ಊದಿ ಚರ್ಮ ಕೊಳೆಯುತ್ತೆ.

ಮನುಷ್ಯರ ಮಾತ್ರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಮೆಡಿಕಲ್ ಶಾಪಿಗೆ ಹೋಗಿ "ನೋವಿಗೆ ಏನಾದ್ರೂ ಕೊಡಿ" ಅಂತ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ತಂದು ಮುದ್ದೆ ಉಂಡೆಯೊಳಗೆ ಇಟ್ಟು ನುಂಗಿಸೋದು. ನಾಯಿ ಹೊಟ್ಟೆಗೆ ಇವು ಆಗಲ್ಲ. ಹೊಟ್ಟೆ ಹುಣ್ಣಾಗಿ ಕಪ್ಪು ಭೇದಿ, ರಕ್ತ ವಾಂತಿ, ಕಿಡ್ನಿಗೂ ಹೊಡೆತ. ಕಾಲು ನೋವಿಗೆ ಕೊಟ್ಟ ಮಾತ್ರೆಯಿಂದ ಜೀವ ಹೋಗಬಹುದು.

ಡೈಕ್ಲೋಫೆನಾಕ್ ಹೆಸರು ಬಂತು, ಒಂದು ಮಾತು ಹೇಳಿಬಿಡ್ತೀನಿ. ಅದನ್ನ ಪ್ರಾಣಿಗಳಿಗೆ ಕೊಡೋದನ್ನ ಸರ್ಕಾರ 2006ರಲ್ಲೇ ನಿಷೇಧ ಮಾಡಿದೆ. ಆ ಔಷಧಿ ಕೊಟ್ಟ ದನ ಸತ್ತು, ಅದನ್ನ ತಿಂದ ರಣಹದ್ದುಗಳ ಕಿಡ್ನಿ ಹೋಗಿ ದೇಶದಲ್ಲಿ ಹದ್ದಿನ ಸಂತತಿಯೇ ಬಹುಪಾಲು ಅಳಿದು ಹೋಯ್ತು. ರಾಮನಗರದ ಬೆಟ್ಟದಲ್ಲಿ ಉಳಿದ ಸ್ವಲ್ಪ ಹದ್ದುಗಳಿಗೆ ಅಂತಲೇ ರಕ್ಷಿತಾರಣ್ಯ ಮಾಡಬೇಕಾಯ್ತು. ಮನುಷ್ಯರ ದೊಡ್ಡ ಬಾಟಲಿ ಇಂಜೆಕ್ಷನ್ ತಂದು ದನಕ್ಕೆ ಚುಚ್ಚುತ್ತಾರೆ ಅಂತ 2015ರಲ್ಲಿ ಅದನ್ನ 3 ಎಂಎಲ್‌ಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್ ಕೂಡ ಪ್ರಾಣಿಗಳಿಗೆ ಬೇಡ ಅಂದರು. ಇಷ್ಟೆಲ್ಲ ಆದ ಮೇಲೂ ನಾವು ಅದೇ ಮಾತ್ರೆ ಮುದ್ದೆಯಲ್ಲಿ ಇಡ್ತಿದೀವಿ.

ಸ್ಟೀರಾಯ್ಡ್ ಇಂಜೆಕ್ಷನ್. ಬೈಕಲ್ಲಿ ಬಂದು ಚುಚ್ಚಿ ಹೋಗೋರು ಇದ್ದಾರೆ. ಮಾರನೇ ದಿನ ನಾಯಿ ನಾಲ್ಕು ಕಾಲಲ್ಲೂ ಓಡುತ್ತೆ, ಮನೆಯವರಿಗೆ ಖುಷಿ. ನೋವು ಮುಚ್ಚಿತು, ಹರಿದದ್ದು ಹಾಗೇ ಇದೆ. ನೋವಿಲ್ಲದೆ ಓಡಿ ಓಡಿ ಉಳಿದ ಎಳೆಯನ್ನೂ ಹರ್ಕೊಳ್ಳುತ್ತೆ. ಸ್ಟೀರಾಯ್ಡ್ ಚುಚ್ಚಿಸಿ ಜೊತೆಗೆ ನೋವಿನ ಮಾತ್ರೆಯನ್ನೂ ಕೊಟ್ಟರೆ ಹೊಟ್ಟೆ ತೂತು ಬೀಳೋ ಅಪಾಯ ಇನ್ನೂ ಜಾಸ್ತಿ.

ನಾಯಿಗೇ ಅಂತ ನೋವಿನ ಔಷಧಿ ಇವೆ. ಮೆಲಾಕ್ಸಿಕಾಮ್, ಕಾರ್ಪ್ರೊಫೇನ್ ಥರದ್ದು. ತೂಕ ನೋಡಿ ಡಾಕ್ಟರು ಬರೀಬೇಕು, ಹೊಟ್ಟೆಗೆ ಹಾಕಿ ಕೊಡಬೇಕು, ವಾಂತಿ ಅಥವಾ ಕಪ್ಪು ಭೇದಿ ಕಂಡರೆ ತಕ್ಷಣ ನಿಲ್ಲಿಸಿ ಅವರಿಗೆ ಹೇಳಬೇಕು. ಆ ಔಷಧಿಯನ್ನೂ ಗೂಡಿನ ಜೊತೆಗೇ ಕೊಡಬೇಕು. ಮಾತ್ರೆ ಕೊಟ್ಟು ತೋಟಕ್ಕೆ ಬಿಟ್ಟರೆ ಮೇಲಿನ ಸ್ಟೀರಾಯ್ಡ್ ಕಥೆಯೇ.

*"ಬಿಟ್ಟುಬಿಡೋದು" ಬೇರೆ, "ಗೂಡಲ್ಲಿ ಇಡೋದು" ಬೇರೆ*

ಡೈರಿ ಹತ್ರ "ಆಪರೇಷನ್ ಇಲ್ದೇ ವಾಸಿ ಆಗುತ್ತೆ" ಅನ್ನೋರ ಮಾತಲ್ಲಿ ಅರ್ಧ ನಿಜ ಇದೆ. ಆದ್ರೆ ಅವರು ಹೇಳೋ ರೀತಿ ಸುಳ್ಳು.

1984ರಲ್ಲೇ ಅಮೆರಿಕದಲ್ಲಿ ಆಪರೇಷನ್ ಮಾಡದ 85 ನಾಯಿಗಳ ಲೆಕ್ಕ ಇಟ್ಟಿದ್ದಾರೆ. 15 ಕೆಜಿ ಒಳಗಿನ ನಾಯಿಗಳಲ್ಲಿ ನೂರಕ್ಕೆ 85ರಷ್ಟು ಸರಿಹೋದವು ಅಥವಾ ಸುಧಾರಿಸಿದವು. ಅದಕ್ಕಿಂತ ಭಾರದ ನಾಯಿಗಳಲ್ಲಿ ನೂರಕ್ಕೆ 20 ಕೂಡ ಇಲ್ಲ. ಅಂದ್ರೆ "ನಮ್ಮನೆ ಹಳೇ ನಾಯಿಗೂ ಹಿಂಗೇ ಆಗಿತ್ತು, ತಾನೇ ಸರಿಹೋಯ್ತು" ಅಂತ ಹೇಳ್ತಾರಲ್ಲ ಯಜಮಾನ್ರು, ಅವರ ನಾಯಿ 12 ಕೆಜಿ ನಾಡುನಾಯಿ. ಅದರ ಅನುಭವ ತಂದು 34 ಕೆಜಿ ಲ್ಯಾಬ್ರಡಾರ್ ಮೇಲೆ ಹೇರಬಾರದು.

ಹಂಗಂತ ದೊಡ್ಡ ನಾಯಿಗೆ ಆಪರೇಷನ್ ಬಿಟ್ಟರೆ ಗತಿಯಿಲ್ಲ ಅಂತಲೂ ಅಲ್ಲ. 2013ರಲ್ಲಿ ಅಲ್ಲೇ ದಪ್ಪ ಮೈಯ ದೊಡ್ಡ ನಾಯಿಗಳು 40 ತಗೊಂಡು, ಎಲ್ಲಕ್ಕೂ ತೂಕ ಇಳಿಸಿ, ಕಾಲಿಗೆ ವ್ಯಾಯಾಮ ಕೊಟ್ಟು, ಔಷಧಿ ಕೊಟ್ಟು, ಅರ್ಧಕ್ಕೆ ಮಾತ್ರ ಆಪರೇಷನ್ ಮಾಡಿ ನೋಡಿದರು. ಒಂದು ವರ್ಷ ಆದ ಮೇಲೆ ಆಪರೇಷನ್ ಆದವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಚೆನ್ನಾಗಿದ್ದವು. ಆಪರೇಷನ್ ಇಲ್ಲದವುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು. ಆಪರೇಷನ್ನೇ ಮೇಲು, ನಿಜ. ಆದ್ರೆ ಬೆಂಗಳೂರಿನ ನೆಂಟರು ಹೇಳಿದಷ್ಟು ದೂರ ಇಲ್ಲ. 1984ರ ಲೆಕ್ಕಕ್ಕೂ ಇದಕ್ಕೂ ಇರೋ ಮುಖ್ಯ ವ್ಯತ್ಯಾಸ ತೂಕ ಇಳಿಸಿದ್ದು, ಕ್ರಮವಾಗಿ ನಡೆಸಿದ್ದು.

ಗೂಡಲ್ಲಿಟ್ಟರೆ ಹರಿದ ನಾರು ಮತ್ತೆ ಕೂಡಲ್ಲ. ಕೀಲಿನ ಸುತ್ತ ಇರೋ ಪೊರೆ ದಪ್ಪಗಾಗಿ, ಗಟ್ಟಿಯಾಗಿ ಮಂಡಿಯನ್ನ ಹಿಡ್ಕೊಳ್ಳುತ್ತೆ. ಅದಕ್ಕೆ ಟೈಮ್ ಬೇಕು. ಆ ಟೈಮಲ್ಲಿ ನಾಯಿ ಒಂದೇ ಒಂದು ಸಲ ಕೋತಿ ಹಿಂದೆ ಓಡಿದರೂ ಆಗಿದ್ದೆಲ್ಲ ಹೋಯ್ತು.

ನಮ್ಮ ಕೆಂಚ 13 ಕೆಜಿ. ನಾವು ಮಾಡಿದ್ದು ಹೀಗೆ.

ಕರು ಕಟ್ಟೋ ಜಾಗದಲ್ಲಿ ಆರಡಿಗೆ ನಾಲ್ಕಡಿ ಅಡಿಕೆ ದಬ್ಬೆ, ಕೋಳಿ ಬಲೆ ಹಾಕಿ ಗೂಡು. ಮೇಲೂ ಬಲೆ, ಹಾರಬಾರದು. ಕೆಳಗೆ ಎರಡು ಪದರ ಗೋಣಿಚೀಲ, ಕಾಲು ಜಾರಬಾರದು. ಟೈಲ್ಸ್ ನೆಲ, ರೆಡ್ ಆಕ್ಸೈಡ್ ನೆಲ ಎರಡೂ ಈ ಕಾಲಿಗೆ ಶತ್ರು. ಸರಪಳಿ ಕಟ್ಟಿ ಬಿಡೋದು ವಿಶ್ರಾಂತಿ ಅಲ್ಲ, ನಾಯಿ ಸರಪಳಿ ಉದ್ದಕ್ಕೂ ಜಗ್ಗಿ ಕುಣಿಯುತ್ತೆ.

ಮೊದಲ ಮೂರು ವಾರ ಬರೀ ಮಲಮೂತ್ರಕ್ಕೆ ಆಚೆ. ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ, ಕೈಲಿ ಹಗ್ಗ ಹಿಡಿದೇ. ಹಾಲು ಕರೆಯೋಕೆ ಮುಂಚೆ ಒಂದ್ಸಲ, ಕರೆದ ಮೇಲೆ ಒಂದ್ಸಲ ಅಂತ ಇಟ್ಕೊಂಡರೆ ಮರೆಯಲ್ಲ.

ನಾಲ್ಕನೇ ವಾರದಿಂದ ನಿಧಾನದ ನಡಿಗೆ. ನಿಧಾನ ಅಂದ್ರೆ ಅಜ್ಜಿ ದೇವಸ್ಥಾನಕ್ಕೆ ಹೋದಷ್ಟು ನಿಧಾನ. ವೇಗ ಹೋದ್ರೆ ನಾಯಿ ಮೂರು ಕಾಲಲ್ಲಿ ಹಾರುತ್ತೆ, ನಿಧಾನ ಹೋದ್ರೆ ನಾಲ್ಕನೇದೂ ಊರಲೇಬೇಕು. ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ ಐದು ನಿಮಿಷ ಏರಿಸಿದ್ವಿ. ಕೂತು ಏಳಿಸೋದು, ದಿನಕ್ಕೆ ಐದಾರು ಸಲ, ಕಾಲು ಮಡಚಿ ನೆಟ್ಟಗೆ ಕೂರೋ ಹಾಗೆ. ಎರಡು ತಿಂಗಳಾದ ಮೇಲೆ ಕಾಲುವೇಲಿ ತೊಡೆ ಮುಟ್ಟೋ ನೀರಲ್ಲಿ ನಡೆಸಿದ್ವಿ. ನೀರು ಭಾರ ಹೊರುತ್ತೆ, ತೊಡೆಗೆ ಕೆಲಸ ಸಿಗುತ್ತೆ. ಈಜೋಕೆ ಬಿಡಲಿಲ್ಲ.

ಊಟ. ಅನ್ನ, ಮುದ್ದೆ, ಹಾಲು ಸುರಿಯೋದು ಪ್ರೀತಿ ಅಂದ್ಕೊಂಡಿದ್ದೀವಿ. ಗೂಡಲ್ಲಿರೋ ನಾಯಿಗೆ ಅಷ್ಟು ಬೇಡ. ಮುದ್ದೆ ಮೂರನೇ ಒಂದು ಪಾಲು ಕಡಿಮೆ ಮಾಡಿ ಮೊಟ್ಟೆ ಸೇರಿಸಿದ್ವಿ. ತೂಕ ನೋಡೋದು ಸುಲಭ. ನೀವು ತಕ್ಕಡಿ ಮೇಲೆ ನಿಲ್ಲಿ, ಆಮೇಲೆ ನಾಯಿ ಎತ್ಕೊಂಡು ನಿಲ್ಲಿ, ವ್ಯತ್ಯಾಸ ನಾಯಿದು. ಎತ್ತೋಕಾಗದ ನಾಯಿಗೆ ಫೀಡ್ ಮೂಟೆ ತೂಗೋ ಪ್ಲಾಟ್‌ಫಾರಂ ತಕ್ಕಡಿ ಇದೆಯಲ್ಲ. ಪಕ್ಕೆ ಮೇಲೆ ಕೈಯಾಡಿಸಿದ್ರೆ ಎಲುಬು ಕೈಗೆ ಸಿಗಬೇಕು. ಸಿಗಲಿಲ್ಲ ಅಂದ್ರೆ ನಾಯಿ ದಪ್ಪ ಇದೆ, ಚರ್ಚೆ ಬೇಡ.

ಒಟ್ಟು ಹದಿನಾರು ವಾರ. ಈಗ ಕೆಂಚ ತೋಟ ಸುತ್ತುತ್ತಾನೆ. ಚಳಿ ಬೆಳಿಗ್ಗೆ ಎದ್ದಾಗ ನಾಲ್ಕು ಹೆಜ್ಜೆ ಕುಂಟುತ್ತಾನೆ, ಅದು ಹೋಗಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ರು. ಖರ್ಚು ಆಗಿದ್ದು ಎಕ್ಸ್‌ರೇ, ಔಷಧಿ, ಕೋಳಿ ಬಲೆ ಸೇರಿ ಮೂರು ಸಾವಿರದೊಳಗೆ.

ಇದರಲ್ಲಿ ಯಾವುದು ಕಷ್ಟ? ದುಡ್ಡಲ್ಲ. ರಾತ್ರಿ ಅಳ್ತಾ ಇರೋ ನಾಯಿಯನ್ನ ಗೂಡಿಂದ ಬಿಡದೇ ಇರೋದು. "ಪಾಪ ಒಂದು ಗಂಟೆ ಬಿಡ್ರೀ" ಅಂದ ಮನೆಯವಳಿಗೆ, ಬಂದ ನೆಂಟರಿಗೆ ಬೇಡ ಅನ್ನೋದು. ಆರು ವಾರಕ್ಕೆ ಕಾಲು ಊರಿದ್ದು ನೋಡಿ "ಆಯ್ತಲ್ಲ" ಅಂತ ಬಿಟ್ಟುಬಿಡೋರೇ ಜಾಸ್ತಿ. ಮತ್ತೆ ಹರಿಯೋದು ಆಗಲೇ.

*ಆಪರೇಷನ್ ಬಗ್ಗೆ*

ಮುಖ್ಯವಾಗಿ ಮೂರು ಥರ.

ಒಂದು, ಮಂಡಿಯ ಹೊರಬದಿಗೆ ಗಟ್ಟಿ ನೈಲಾನ್ ದಾರ ಹಾಕಿ ಬಿಗಿಯೋದು. ದೊಡ್ಡ ಮೀನು ಹಿಡಿಯೋ ನೈಲಾನ್ ದಾರದ ಜಾತಿಯದ್ದೇ ಇದಕ್ಕೆ ಬಳಕೆಗೆ ಬಂದದ್ದು. ಹರಿದ ನಾರಿನ ಕೆಲಸ ಆ ದಾರ ಸ್ವಲ್ಪ ಕಾಲ ಮಾಡುತ್ತೆ, ಅಷ್ಟರಲ್ಲಿ ಸುತ್ತಲ ಪೊರೆ ಗಟ್ಟಿಯಾಗುತ್ತೆ. ಖರ್ಚು ಕಮ್ಮಿ. ಸಣ್ಣ, ಮಧ್ಯಮ ನಾಯಿಗೆ ಚೆನ್ನಾಗಿ ಹೊಂದುತ್ತೆ. ಭಾರದ, ಚುರುಕು ನಾಯಿಯಲ್ಲಿ ದಾರ ಸಡಿಲ ಆಗೋದುಂಟು.

ಎರಡು, ಟಿಪಿಎಲ್‌ಒ. ಅಮೆರಿಕದ ಸ್ಲೋಕಮ್ ಅನ್ನೋ ಡಾಕ್ಟರು 1993ರಲ್ಲಿ ಹೊರತಂದದ್ದು. ಇಲ್ಲಿ ಹಗ್ಗ ಕಟ್ಟೋ ಗೋಜಿಲ್ಲ, ಇಳಿಜಾರನ್ನೇ ಸಮ ಮಾಡ್ತಾರೆ. ಕೆಳಗಿನ ಮೂಳೆಯ ತಲೆಯನ್ನ ಅರ್ಧಚಂದ್ರಾಕಾರ ಕೊಯ್ದು, ತಿರುಗಿಸಿ, ಪ್ಲೇಟು ಸ್ಕ್ರೂ ಹಾಕ್ತಾರೆ. ಏರಿ ಮೇಲಿನ ಟ್ರೈಲರನ್ನ ಸಮತಟ್ಟು ಜಾಗಕ್ಕೆ ತಂದ ಹಾಗೆ. ದೊಡ್ಡ ನಾಯಿಗೆ ಹೆಚ್ಚಿನ ಸರ್ಜನ್‌ಗಳು ಮೊದಲು ಹೇಳೋದು ಇದನ್ನೇ.

ಮೂರು, ಟಿಟಿಎ. ಇದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುರುವಾಗಿದ್ದು. ಇದರಲ್ಲೂ ಮೂಳೆ ಕೊಯ್ತಾರೆ, ಆದ್ರೆ ಮಂಡಿಚಿಪ್ಪಿನ ಕೆಳಗಿನ ಭಾಗವನ್ನ ಮುಂದಕ್ಕೆ ತಂದು ಕೂರಿಸ್ತಾರೆ.

ಪ್ಲೇಟು ಹಾಕೋ ಆಪರೇಷನ್‌ಗೆ ಕೆಳಗಿನ ತೋಟದವರಿಗೆ ಒಂದು ಖಾಸಗಿ ಕಡೆ ಹೇಳಿದ ಲೆಕ್ಕ 90 ಸಾವಿರ. ಓಡಾಟ ಬೇರೆ. ನಮಗೆ ಅದು ಒಂದು ಬೋರ್‌ವೆಲ್‌ನ ಮೋಟಾರು, ಕೇಬಲ್, ಪೈಪಿನ ದುಡ್ಡು. ಆ ದುಡ್ಡು ಇಲ್ಲದವನಿಗೆ ನಾಯಿ ಮೇಲೆ ಪ್ರೀತಿ ಇಲ್ಲ ಅನ್ನೋ ಹಕ್ಕು ಯಾರಿಗೂ ಇಲ್ಲ. ತಿಂಗಳ ಸಂಬಳದ ಮೇಲೆ ಕೂತು ಒಂದು ಬೆಳೆ ಮೇಲೆ ಬದುಕೋನಿಗೆ ಪ್ರೀತಿಯ ಪಾಠ ಹೇಳಬೇಡಿ.

ಆದ್ರೆ ಅಷ್ಟಕ್ಕೇ ಕೈಚೆಲ್ಲಬೇಡಿ. ಪಶುವೈದ್ಯ ಕಾಲೇಜುಗಳಿವೆ. ಬೆಂಗಳೂರು ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್. ಅಲ್ಲಿ ಸರ್ಜರಿ ವಿಭಾಗ ಇದೆ, ಕಲಿಸೋ ಡಾಕ್ಟರೇ ನೋಡ್ತಾರೆ, ಫೀಸು ಖಾಸಗಿಗಿಂತ ಕಮ್ಮಿ. ನಮಗೆ ಹಾಸನ ಎಷ್ಟು ದೂರ? ಕೊಬ್ಬರಿ ಹಾಕ್ಕೊಂಡು ಮಾರ್ಕೆಟ್‌ಗೆ ಹೋಗ್ತೀವಲ್ಲ. ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ. ಯಾವ ಥರದ ಆಪರೇಷನ್ ಮಾಡ್ತೀರಿ, ಪ್ಲೇಟು ದಾರ ನಾವು ತರಬೇಕಾ, ಯಾವ ದಿನ ಬರಬೇಕು. ನಮ್ಮ ತಾಲ್ಲೂಕು ಡಾಕ್ಟರ ಚೀಟಿ ತಗೊಂಡು ಹೋಗಿ.

ಮತ್ತೆ ಇದೊಂದು ಮಾತು ಯಾರೂ ಹೇಳಲ್ಲ. ಆಪರೇಷನ್ ಮಾಡಿಸಿದರೂ ಗೂಡು ಬೇಕೇ ಬೇಕು. ಕೊಯ್ದ ಮೂಳೆ ಕೂಡೋಕೆ ಎಂಟರಿಂದ ಹನ್ನೆರಡು ವಾರ. ಮನೆಗೆ ಬಂದ ವಾರಕ್ಕೇ ನಾಯಿ ತೋಟಕ್ಕೆ ಓಡಿದ್ರೆ ಸ್ಕ್ರೂ ಕಿತ್ತು, ಮೂಳೆ ಮುರಿದು 90 ಸಾವಿರ ಮಣ್ಣುಪಾಲು. ಗೂಡಲ್ಲಿ ಇಡೋಕಾಗಲ್ಲ, ಅದಕ್ಕೇ ಆಪರೇಷನ್ ಮಾಡಿಸ್ತೀವಿ ಅನ್ನೋರು ಎರಡೂ ಕಳ್ಕೋತಾರೆ. ಹಾಗಾಗಿ ದುಡ್ಡಿರಲಿ ಇಲ್ಲದಿರಲಿ, ಮೊದಲು ಗೂಡು ಕಟ್ಟಿ.

*ಯಾವ ನಾಯಿಗೆ ಯಾವುದು*

15 ಕೆಜಿ ಒಳಗಿನ ನಾಯಿ: ಗೂಡು, ತೂಕ, ನಡಿಗೆ. ಎರಡು ತಿಂಗಳಾದ್ರೂ ಕಾಲೇ ಊರದಿದ್ರೆ, ಟಕ್ ಸದ್ದು ಬರ್ತಿದ್ರೆ ಮತ್ತೆ ಡಾಕ್ಟರ ಹತ್ರ ಹೋಗಿ, ಒಳಗಿನ ಮೆತ್ತೆ ಹೋಗಿರಬಹುದು.

ದೊಡ್ಡ ನಾಯಿ, ವಯಸ್ಸು ಚಿಕ್ಕದು, ಕಾವಲಿಗೆ ಬೇಕು: ಕೈಲಾದರೆ ಆಪರೇಷನ್. ಇವತ್ತೇ ದುಡ್ಡಿಲ್ಲ ಅಂದ್ರೆ ಇವತ್ತಿಂದ ಗೂಡು ಮತ್ತು ತೂಕ. ಕೊಬ್ಬರಿ ದುಡ್ಡು ಬರೋವರೆಗೆ ಕಾದರೆ ಕೀಲು ಸ್ವಲ್ಪ ಸವೆಯುತ್ತೆ, ಆದ್ರೆ ಎಲ್ಲಾ ಮುಗಿದೇಹೋಯ್ತು ಅಂತಲ್ಲ.

ದೊಡ್ಡ ನಾಯಿ, ಹತ್ತು ವರ್ಷ ದಾಟಿದೆ, ಬೇರೆ ಕಾಯಿಲೆ ಇದೆ: ಗೂಡು, ತೂಕ, ನಾಯಿಯ ನೋವಿನ ಔಷಧಿ. ಅದರ ಕಾವಲು ಕೆಲಸ ಮುಗೀತು. ಜಗಲಿ ಮೇಲೆ ಮಲಗಲಿ.

ಇನ್ನೊಂದು ಕಾಲಿನ ಲೆಕ್ಕ ನೆನಪಿದೆಯಲ್ಲ? ಅರ್ಧದಷ್ಟು ನಾಯಿಗೆ ಆ ಕಡೆದೂ ಹೋಗುತ್ತೆ. ಅದನ್ನ ಮುಂದೂಡೋಕೆ ನಮ್ಮ ಕೈಲಿರೋದು ತೂಕ ಇಳಿಸೋದೊಂದೇ. ದುಡ್ಡು ಖರ್ಚಾಗಲ್ಲ, ಉಳಿಯುತ್ತೆ.

*"ಬಿಟ್ಟು ಬಾ" ಅನ್ನೋರಿಗೆ*

ಎತ್ತು ಕುಂಟಿದ್ರೆ ರಾತ್ರಿ ಹನ್ನೊಂದು ಗಂಟೆಗೆ ಡಾಕ್ಟರಿಗೆ ಫೋನ್ ಮಾಡ್ತೀವಿ. ಹಸು ಕೆಚ್ಚಲು ಬಾತರೆ ಊಟ ಬಿಟ್ಟು ಓಡ್ತೀವಿ. ಅದಕ್ಕೆ ಬೆಲೆ ಇದೆ, ನಾಯಿಗಿಲ್ಲ ಅಂತಾನಾ?

ಲೆಕ್ಕ ಹಾಕಿ ನೋಡಿ. ರಾಗಿ ತೆನೆ ಬಂದಾಗ ಹಂದಿ ಬರೋದು ಮೊದಲು ಗೊತ್ತಾಗೋದು ಯಾರಿಗೆ? ಚಿರತೆ ಕೊಟ್ಟಿಗೆ ಹಿಂದೆ ಸುಳಿದಾಗ ಮನೆ ಎಬ್ಬಿಸಿದ್ದು ಯಾರು? ಕಳೆದ ವರ್ಷ ಸ್ಟಾರ್ಟರ್ ಬಾಕ್ಸಿನ ತಾಮ್ರದ ವೈರ್ ಕಳ್ಳತನ ಆಗಿದ್ದು ಯಾರ ತೋಟದಲ್ಲಿ, ನಾಯಿ ಇದ್ದ ತೋಟದಲ್ಲಾ ಇಲ್ಲದ ತೋಟದಲ್ಲಾ? ಸಂಬಳ ಕೇಳದ ಆಳು ಅದು. ಆಳಿಗೆ ಕೆಲಸದಲ್ಲಿ ಕಾಲು ಹೋದ್ರೆ ರಾತ್ರಿ ಡಾಬಾ ಹತ್ರ ಇಳಿಸಿ ಬರ್ತೀವಾ?

ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಎಲ್ಲೋ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಂದ ಐವತ್ತು ರೂಪಾಯಿ. ಒಂದು ಎಳನೀರಿನ ದುಡ್ಡು. ಕಾನೂನಿಗೆ ಹೆದರಿ ನೀವು ಬಿಡದೇ ಇರ್ತೀರಿ ಅಂತ ನಾನು ಅಂದ್ಕೊಂಡಿಲ್ಲ. ಕುಂಟೋ ನಾಯಿ ಹೈವೇಯಲ್ಲಿ ಲಾರಿಗೆ ತಪ್ಪಿಸ್ಕೊಳ್ಳೋಕಾಗಲ್ಲ. ಊರ ನಾಯಿಗಳು ಹತ್ರ ಸೇರಿಸಲ್ಲ. ಅದು ನಿಮ್ಮ ಗಾಡಿ ಸದ್ದು ಕೇಳ್ತಾ ಅಲ್ಲೇ ಕೂತಿರುತ್ತೆ. ಇಷ್ಟು ಗೊತ್ತಿದ್ದೂ ಬಿಟ್ಟು ಬರೋದಾದ್ರೆ ನಾನು ಹೇಳೋದೇನಿಲ್ಲ.

ಇನ್ನು ನಾವು ಕೇಳಬೇಕಾದ್ದೂ ಒಂದಿದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡೋ ಎಕ್ಸ್‌ರೇ ಯಂತ್ರ ಇರಲಿ ಅಂತ ಡೈರಿ ಸಂಘದ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಿದ್ದೀವಾ? ನಾಯಿಗೆ ಅಂತ ಕೇಳೋಕೆ ನಾಚಿಕೆ ಆದ್ರೆ ಕರುವಿಗೆ ಅಂತ ಕೇಳಿ. ಕರು ಕಾಲು ಮುರಿದ್ರೂ ಅದೇ ಯಂತ್ರ ಬೇಕು. ಮುಂದಿನ ಸಭೆಗೆ ಅರ್ಜಿ ನಾನೇ ಬರ್ಕೊಂಡು ಬರ್ತೀನಿ, ಸಹಿ ಹಾಕೋಕೆ ನೀವು ಬನ್ನಿ.

ಕೆಳಗಿನ ತೋಟದ ತಮ್ಮಂದಿರಾ, ನೀವೂ ಇದನ್ನ ಓದ್ತೀರಿ ಅಂತ ಗೊತ್ತು. ಭಾನುವಾರ ಕೂತಾಗ 90 ಸಾವಿರ ಇದೆಯಾ ಇಲ್ಲವಾ ಅನ್ನೋದನ್ನ ಮೊದಲು ಎತ್ತಬೇಡಿ. ನಾಯಿ 34 ಕೆಜಿ ಇದೆ, 28ಕ್ಕೆ ಬರಬೇಕು, ಯಾರು ದಿನಕ್ಕೆ ನಾಲ್ಕು ಸಲ ಹಗ್ಗ ಹಿಡೀತೀರಿ ಅನ್ನೋದನ್ನ ಮೊದಲು ಮಾತಾಡಿ. ಅದು ತೀರ್ಮಾನ ಆದ್ರೆ ಹಾಸನಕ್ಕೆ ಹೋಗೋದು ಆಮೇಲಿನ ಮಾತು. ಕೆಂಚನ ಗೂಡಿನ ಬಲೆ, ದಬ್ಬೆ ನಮ್ಮ ಕೊಟ್ಟಿಗೆ ಅಟ್ಟದ ಮೇಲಿವೆ. ನಿಮ್ಮ ನಾಯಿಗೆ ಎಂಟಡಿ ಬೇಕಾಗುತ್ತೆ, ಎರಡಡಿ ಬಲೆ ಸೇರಿಸ್ಕೊಂಡ್ರೆ ಸಾಕು. ಶನಿವಾರ ಸಂಜೆ ಹಾಲು ಹಾಕಿ ಬರುವಾಗ ತಗೊಂಡು ಹೋಗಿ. ವಾಪಸ್ ಕೊಡೋದು ಬೇಡ, ಮುಂದೆ ಯಾರ ನಾಯಿಗೆ ಬೇಕೋ ಅವರಿಗೆ ಕೊಡಿ.